ಯಾರಿಗೆ ಮೊಳೆರೋಗ

ಐವತ್ತೆಂಟನೇ ಇಸವಿಯ ಬೇಸಿಗೆ. ಯಲಹಂಕದ ಬಸ್ ನಿಲ್ದಾಣದಲ್ಲಿ ಕೃಷ್ಣಯ್ಯ ಮೇಷ್ಟ್ರು ಕಲ್ಲುಬೆಂಚಿನ ತುದಿಗೆ ಸರಿದು ಆಗಷ್ಟೇ ಬಂದ ಮುದಿ ದಂಪತಿಗೆ ಜಾಗ ಬಿಟ್ಟರು. ಅಜ್ಜಿ ಕೂತಳು, ಅಜ್ಜ ಮಾತ್ರ ನಿಂತೇ ಇದ್ದ. ಮೇಷ್ಟ್ರು ಪೇಪರು ಬಿಡಿಸಿದರು. ಕಿವಿ ಮಾತ್ರ ಅವರ ಕಡೆಗೇ ಇತ್ತು.

"ಮುಟ್ಟಿದ್ರೆ ಮುನಿ ಸೊಪ್ಪು ಅರ್ದು ಮಜ್ಜಿಗೇಲಿ ಕೊಟ್ನಲ್ಲ, ಉರಿ ಕಮ್ಮಿ ಆಯ್ತಾ?" ಅಂದಳು ಅಜ್ಜಿ.

"ಮೆತ್ತಗ್ ಮಾತಾಡು. ಆ ಸೊಪ್ಪು ಎಲ್ ಸಿಕ್ತು ನಿಂಗೆ?"

"ಪಕ್ಕದ್ಮನೆ ಪಟಾಲಮ್ಮ ಕೊಟ್ಳು."

"ಅಯ್ಯೋ, ಅವ್ಳು ಊರಿಗೆಲ್ಲ ಡಂಗುರ ಹೊಡೀತಾಳಲ್ಲೇ! ನಾನಿನ್ನು ತಲೆ ಎತ್ಕಂಡ್ ತಿರುಗೋದ್ ಎಂಗೆ?"

"ಗಂಡನ್ ಎಸ್ರು ಬಾಯಲ್ ಏಳ್ಬಾರ್ದು ಅಂತ ನಮ್ಮವ್ವ ಕಲ್ಸವ್ಳೆ. ಮೊಳೆರೋಗ ನಂಗೇ ಅಂದೆ."

ಅಜ್ಜ ಅವಳ ಕಡೆ ತಿರುಗಿದ.

"ನಾಕ್ ಜನ ನಿನ್ನ ನೋಡಿ ನಗಾಕಿಲ್ವಾ?"

"ನಕ್ಕಂಡ್ರೆ ನಕ್ಕಳ್ಳಿ. ಉರಿ ಕಮ್ಮಿ ಆಯ್ತೋ ಇಲ್ವೋ, ಅದ್ ಏಳಿ."

"ಆಯ್ತು."

ಚಿಕ್ಕಜಾಲದ ಬಸ್ಸು ಬಂತು. ಇಬ್ಬರೂ ಹತ್ತಿದರು.

"ಒಂದೇ ಸೀಟಿರೋದು ತಾತ, ನೀವ್ ಕೂತ್ಕೊಳ್ಳಿ," ಅಂದ ಕಂಡಕ್ಟರು.

ಹೊರಟ ಬಸ್ಸಿನೊಳಗಿಂದ ಅಜ್ಜನ ಗಂಟಲು ಕಲ್ಲುಬೆಂಚಿನವರೆಗೂ ಕೇಳಿಸಿತು:

"ಅವಳನ್ನ ಕೂರ್ಸಪ್ಪ. ಮೊಳೆರೋಗ ನಂಗೆ, ಅವ್ಳಿಗಲ್ಲ!"