ಕಾಮಣಿ ಔಷಧಕ್ಕೆ ಬಂದವರು

ಹಲೋ… ಹಾಂ, ಹಲೋ… ಯಾರ್ರೀ ಮಾತಾಡೋದು?… ಕೇಳಸವಲ್ದು, ಸ್ವಲ್ಪ ಜೋರ ಹೇಳ್ರಿ… ವಾಣಿ? ನೀ ಏನವಾ? ಇದ್ಯಾರ ನಂಬರ?… ಹಾಂ, ಲ್ಯಾಬಿನ ಫೋನಾ. ಐತವಾರನೂ ರಜೆ ಇಲ್ಲೇನ ನಿಮಗ?… ಹೌದಲ್ಲ, ಇಲಿಗಳಿಗೇನ ಐತವಾರ ಗೊತ್ತಾಗ್ತೈತಿ, ಹೊಟ್ಟಿ ಹಸಿತೈತಿ.

ಸರೋಜವ್ವ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಅರೆಯುವ ಕಲ್ಲಿನ ಮುಂದೆ ಕುಳಿತಿದ್ದಳು. ಅಕ್ಕಿಆಲೂರಿನ ಆ ಮನೆಯಲ್ಲಿ ಪ್ರತಿ ರವಿವಾರ ಬೆಳಿಗ್ಗೆ ಕಾಮಣಿಗೆ, ಅಂದರೆ ಕಾಮಾಲೆಗೆ, ಸೊಪ್ಪಿನ ಔಷಧ ಕೊಡುವುದು ಅವಳ ಅತ್ತೆಯ ಕಾಲದಿಂದ ನಡೆದು ಬಂದದ್ದು. ಮಗಳು ವಾಣಿಶ್ರೀ ಧಾರವಾಡದಲ್ಲಿ ಔಷಧಗಳ ಸಂಶೋಧನೆಗೆ ಸೇರಿದಾಗ ಬೇರೆ ವಿಷಯ ಹುಡುಕಲು ಹೋಗಲಿಲ್ಲ. ಮನೆಯ ಸೊಪ್ಪನ್ನೇ ಒಣಗಿಸಿ ಕಟ್ಟಿಸಿಕೊಂಡು ಹೋಗಿದ್ದಳು. ಇವತ್ತು ಹೊರಗೆ ಕಟ್ಟೆಯ ಮೇಲೆ ಯಲವಿಗಿಯ ಮಂಜವ್ವ ಕಾಯುತ್ತಿದ್ದಳು, ಪಕ್ಕದಲ್ಲಿ ಸೊಸೆ ರಾಜಶ್ರೀ. ಸೊಸೆಯ ಕಣ್ಣು ಅರಿಶಿನ ಕದಡಿದಂತಿತ್ತು.

…ಅರಿಯಾಕತ್ತೇನಿ. ಅತ್ತಿ ಸೊಸಿ ಇಬ್ಬರು ಬಂದಾರ, ನಸುಕಿನ ಬಸ್ಸಿಗೆ… ನಾ ಆಮ್ಯಾಲೆ ಮಾತಾಡ್ಲೇನ? ಪಾಪ, ಖಾಲಿ ಹೊಟ್ಟೀಲೆ ಕುಂತಾರ… ಏನು? ಕೊಡಬ್ಯಾಡ? ಯಾಕ?

…ರಿಸಲ್ಟ್ ಬಂತಾ. ಹೇಳು ಮತ್ತ… ಮೊದಲ ಅಳಬ್ಯಾಡ. ಮೂಗ ಒರಿಸ್ಕೋ. ನಿಮ್ಮ ಸರ್ ನೋಡಿದ್ರ ಏನಂತಾರ… ಯಾರೂ ಇಲ್ಲಾ? ಬರೇ ಇಲಿ ಅದಾವಾ? ಹಂಗಾರ ಅಳು.

…ಹೂಂ… ಹೂಂ… ತಡಿ, ನನಗ ತಿಳಿಯೂಹಂಗ ಹೇಳು. ಮೊದಲ ಇಲಿಗಳ ಲಿವರ್ ಕೆಡಿಸಿದ್ರಿ. ಆತು. ಅರ್ಧ ಇಲಿಗಳಿಗೆ ನಮ್ಮ ಸೊಪ್ಪಿನ ರಸ ಕುಡಿಸಿದ್ರಿ, ಇನ್ನರ್ಧಕ್ಕ ಬರೇ ನೀರು. ಆತು… ಸೊಪ್ಪು ಕುಡದವು ಆರಾಮ ಆದುವಿಲ್ಲೋ?… ಆದುವಲ್ಲ ಮತ್ತ. ಅಳಾಕ ಏನಾತು?

…ನೀರು ಕುಡದವೂ?… ಅಷ್ಟ ದಿನಕ್ಕನಾ?

ಅವಳ ಕೈಯ ಗುಂಡು ನಿಲ್ಲಲಿಲ್ಲ. ಮುಂದೆ ಹೋಯಿತು, ಹಿಂದೆ ಬಂತು. ಎದೆಯಲ್ಲಿ ಏನಾದರೂ ಆಗಬೇಕಿತ್ತು ಅನ್ನಿಸಿತು, ಏನೂ ಆಗಲಿಲ್ಲ. ಹಸಿರು ರಸ ಕಲ್ಲಿನ ಅಂಚಿಗೆ ಇಳಿದು ನಿಲ್ಲುವುದನ್ನು ನೋಡುತ್ತ ಕುಳಿತಳು.

…ಒಣಗಿಸಿದ್ದಕ್ಕ ಹಂಗಾತೇನವಾ?… ಹಸೀದೂ ಹಾಕಿ ನೋಡಿದ್ಯಾ? ನಾ ಒದ್ದಿ ಅರಿವ್ಯಾಗ ಸುತ್ತಿ ಬಸ್ಸಿನ ಮ್ಯಾಲೆ ಕಳಿಸಿದ್ನೆಲ್ಲ, ಅದಾ?… ಹೂಂ. ಮತ್ತ ಮತ್ತ ಮಾಡಿ ನೋಡಿದಿ. ನೀ ಏನೂ ಕಮ್ಮಿ ಮಾಡಿಲ್ಲ, ಗೊತ್ತೈತಿ ನನಗ.

…ಆದ್ರ ಇಲಿ ಬ್ಯಾರೆ, ಮನಷ್ಯಾರು ಬ್ಯಾರೆ, ಅಲ್ಲೇನ? ನಮ್ಮನ್ಯಾಗ ಕುಡದು ಹೋದವ್ರು ಎಷ್ಟ ಮಂದಿ ಅದಾರ, ಅವರನ್ನೂ ಬರಕೋಬೇಕಲ್ಲ ನೀವು… ಹಾಂ, ಎಲ್ಲಾರಿಗೂ ಗುಣ ಆಗೇತಿ… ಹೆಂಗ ಗೊತ್ತು ಅಂದ್ರ? ಇದೇನ ಕೇಳ್ತಿ ವಾಣಿ, ಮನಿ ಪದ್ಧತಿ ನಿನಗ ಗೊತ್ತಿಲ್ಲದ್ದಾ? ಗುಣ ಆದವ್ರು ತಿರುಗಿ ಬಂದು ಹೇಳಬಾರದು. ಹೇಳಿದ್ರ ಕಾಮಣಿ ಮತ್ತ ಹತ್ತತೈತಿ. ಅದಕ್ಕ ಯಾರೂ ಬರೂದಿಲ್ಲ. ಬರಲಿಲ್ಲಂದ್ರ…

ಬರಲಿಲ್ಲವೆಂದರೆ ಗುಣವಾಯಿತು. ಅತ್ತೆ ಹಾಗೆ ಹೇಳಿದ್ದಳು, ಸರೋಜವ್ವನೂ ಹಾಗೇ ತಿಳಿದಿದ್ದಳು. ಔಷಧ ಕುಡಿದವರ ಬೆನ್ನನ್ನಷ್ಟೇ ಈ ಮನೆ ನೋಡಿತ್ತು. ಸತ್ತವರೂ ತಿರುಗಿ ಬರುವುದಿಲ್ಲ ಎಂಬುದು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

…ಅದೇನಿ. ಇಲ್ಲೇ ಅದೇನಿ, ಹೇಳು.

…ಈಗ ಬಂದಾಕೀನಾ? ಸಣ್ಣ ಹುಡುಗಿ. ಬಸರಿ ಅದಾಳ, ಏಳರಾಗ ಬಿದ್ದೈತಿ… ಯಾಕ ಒದರ್ತಿ? ಮೆಲ್ಲಕ ಹೇಳು… ಹೂಂ, ಕಣ್ಣ ಭಾಳ ಹಳದಿ. ಎಂದಿನಿಂದ… ತಡಿ ಕೇಳ್ತೇನಿ. ಮಂಜವ್ವಾರ, ಎಷ್ಟ ದಿನ ಆತ್ರಿ ಇದು?… ವಾರದ ಮ್ಯಾಲಾತಂತ. ವಾಂತಿ ಐತಂತ. ಎರಡ ದಿನದಿಂದ ಬರೇ ನಿದ್ದಿ. ಈಗೂ ಕುಂತಲ್ಲೇ ತೂಕಡಿಸಾಕತ್ತಾಳ, ನಾ ಬಸ್ಸಿನ ದಣಿವು ಅನ್ಕೊಂಡಿದ್ದೆ… ಅಲ್ಲಾ? ಕಾಮಣಿ ತಲಿಗೇರಿದ್ದಾ? ಬಸರೇರಿಗೆ ಹಿಂಗಾದ್ರ ಜೀವಕ್ಕನ ಬರ್ತೈತಾ?… ಈಗಿಂದೀಗ. ಹಾನಗಲ್ಲ ದವಾಖಾನಿಗೆ. ಆತು. ನೀ ಫೋನ್ ಇಡಬ್ಯಾಡ.

ಅವಳು ಎದ್ದು ಬಾಗಿಲಿಗೆ ಬಂದು, ಹುಡುಗಿಯನ್ನು ಕೂಡಲೇ ದವಾಖಾನೆಗೆ ಒಯ್ಯಬೇಕೆಂದಳು. ಮಂಜವ್ವ ಸೆರಗು ಸರಿಮಾಡಿಕೊಂಡಳೇ ಹೊರತು ಅಲುಗಲಿಲ್ಲ.

“ದವಾಖಾನಿಗೆ ಹೋಗೂದಿದ್ರ ನಮಗ ಸವಣೂರ ಹತ್ತರ ಇತ್ತಲ್ರೀ ಅವ್ವಾರ. ನಿಮ್ಮ ಕೈ ನಂಬಿ ಇಷ್ಟ ದೂರ ಬಂದೇವಿ. ನಮ್ಮ ತಮ್ಮನ್ನೂ ಇಲ್ಲಿಗೇ ಕರ್ಕೊಂಡ ಬಂದಿದ್ದೆ ನಾ.”

…ಕೇಳಿದ್ಯಾ ವಾಣಿ? ಇವರ ತಮ್ಮನೂ ಇಲ್ಲೇ ಕುಡದಿದ್ದನಂತ… ಹಂಗ ಕೇಳಬಾರದವಾ… ಆತು. ಆತು, ಕೇಳ್ತೇನಿ. ಮಂಜವ್ವಾರ, ನಿಮ್ಮ ತಮ್ಮಗ ಆರಾಮ ಆತೇನ್ರಿ?

ಕೇಳಬಾರದ್ದನ್ನು ಕೇಳಿದಳೆಂಬಂತೆ ಮಂಜವ್ವ ಮುಖ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ನಾಲ್ಕು ಮಾತು ಹೇಳಿದಳು.

…ಹಲೋ. ಹಾಂ… ಇಲ್ಲಂತ. ವಾರ ತುಂಬೂದ್ರಾಗ ಹೋದನಂತ… ಇಲ್ಲವಾ, ನಮ್ಮ ಮ್ಯಾಲೆ ಸಿಟ್ಟೇನಿಲ್ಲ ಇವರಿಗೆ. ಅಂವಾ ಪಥ್ಯ ಮುರದಾ, ಎಣ್ಣೀದು ತಿಂದಾ ಅಂತಾರ. ನಿಮ್ಮ ಔಷಧದ್ದೇನೂ ದೋಷಿಲ್ರೀ ಅಂತ ನನಗ ಸಮಾಧಾನ ಹೇಳಾಕತ್ತಾರ.

ಸರೋಜವ್ವ ಅರೆದದ್ದನ್ನೆಲ್ಲ ಬಟ್ಟಲಿಗೆ ಬಳಿದು ತಂದು, ಅವರ ಕಣ್ಣೆದುರೇ ಗಟಾರಕ್ಕೆ ಚೆಲ್ಲಿದಳು. ಬಟ್ಟಲು ತೊಳೆದಳು, ಕೈ ತೊಳೆದಳು. ಆ ಕೈ ಬೇರೆ ಯಾರದೋ ಕೈಯಂತೆ ಕಂಡಿತು.

“ನಮ್ಮಂಥವರಿಗೆ ಇಲ್ಲೇನ್ರಿ ಹಂಗಾರ?” ಎಂದಳು ಮಂಜವ್ವ.

ಯಾರಿಗೂ ಇಲ್ರಿ. ನನ್ನ ಮಗಳಿಗೆ ಆಗಿದ್ರೂ ಇಲ್ಲ. ಅದರಾಗ ಏನೂ ಇಲ್ಲಂತ ಈಗ ಗೊತ್ತಾತು. ಏಳ್ರಿ, ನಾನೂ ಬರ್ತೇನಿ. ಸಿಟ್ಟ ಮಾಡ್ರಿ, ಬೈರಿ, ಆಟೋದಾಗ ಕುಂತ ಬೈರಿ… ಅದೇನಿ ವಾಣಿ, ಹುಸೇನಸಾಬನ್ನ ಕೂಗಿದ್ದೇನಿ, ಆಟೋ ತಿರುಗಿಸಾಕತ್ತಾನ.

ಬಾಗಿಲಿಗೆ ಬೀಗ ಹಾಕಿ, ರಾಜಶ್ರೀಯ ಬಗಲಿಗೆ ಕೈ ಕೊಟ್ಟು ಎಬ್ಬಿಸಿದಳು. ಹುಡುಗಿ ತೂರಾಡುತ್ತ ನಡೆದಳು. ಆಟೊ ಅಕ್ಕಿ ಗಿರಣಿಗಳನ್ನು ದಾಟಿ ಹಾನಗಲ್ ರಸ್ತೆ ಹಿಡಿದಾಗಲೂ ಫೋನು ಸರೋಜವ್ವನ ಕಿವಿಯಲ್ಲೇ ಇತ್ತು.

…ಹಾಂ, ಹೊಂಟೇವಿ… ಮಂಜವ್ವಾರು ಆ ಕಡೆ ಮಾರಿ ಮಾಡಿ ಕುಂತಾರ. ನನ್ನ ಕೂಡ ಮಾತಾಡವಲ್ರು. ಕುಂದರ್ಲಿ ಬಿಡು, ಬಂದಾರಲ್ಲ… ನನಗೇನಾಗೇತಿ? ಏನೂ ಆಗಿಲ್ಲ. ಏನೂ ಅನಸವಲ್ದವಾ, ಖರೇನ ಏನೂ ಅನಸವಲ್ದು… ನೀ ಏನರ ತಿಂದ್ಯಾ ಇಲ್ಲೋ?… ಹೋಗಿ ತಿನ್ನು. ಇಲಿಗೆ ಹಾಕಿದ್ಯಂತ, ನಿನಗ ಹಾಕವ್ರ ಯಾರು ಅಲ್ಲಿ?

…ನನ್ನ ಹೆಗಲ ಮ್ಯಾಲೆ ಮಲಗ್ಯಾಳ… ಮಲಗಿಸಬಾರದಾ? ಮಾತಾಡಿಸ್ಕೋಂತ ಹೋಗಬೇಕಾ? ಏನಂತ ಕೇಳ್ಲಿ?… ಹೆಸರು. ಆತು. ತಂಗಿ, ಏ ತಂಗಿ, ಕಣ್ಣ ತಗಿಯವಾ. ನಿನ್ನ ಹೆಸರೇನು?… ತಡಿ ವಾಣಿ, ತುಟಿ ಅಲಗಾಡಾಕತ್ತಾವ. ಹುಸೇನಸಾಬ, ಸ್ವಲ್ಪ ಜಲ್ದಿ ಹೊಡಿಯಪ್ಪಾ… ಹೇಳು ನಮ್ಮವ್ವ, ಹೆಸರ ಹೇಳು.

…ಕಣ್ಣ ತಗದ್ಲು. ನನ್ನ ಕಡೆ ನೋಡಾಕತ್ತಾಳ… ಯಲವಿಗಿ ಅಂದ್ಲು. ಹೆಸರ ಕೇಳಿದ್ರ ಊರ ಹೇಳ್ತಾಳ, ವಾಣಿ. ಎರಡ ಸಲ ಕೇಳಿದೆ, ಎರಡೂ ಸಲ ಊರ ಹೇಳಿದ್ಲು… ಇದು ಚಲೋನೋ, ಕೆಟ್ಟೋ?… ವಾಣಿ?… ಹಲೋ… ಕೇಳಸವಲ್ದವಾ… ಚಲೋನೋ ಕೆಟ್ಟೋ, ಅಷ್ಟ ಹೇ…