ಏಡಿ ವೇಷದ ಜೊತೆ ಫೋಟೊ

ಊರೆಲ್ಲ ಸುತ್ತಿ, ಹೇಳಿದ್ದನ್ನು ಹುಡುಕಿ ಫೋಟೊ ಹೊಡೆಯುವ ಆಫೀಸಿನವರ ಆಟದಲ್ಲಿ ಗೆದ್ದ ಹುಡುಗಿಯರಿಬ್ಬರು ಕಡಲ ದಂಡೆಯ ಜ್ಯೂಸ್ ಅಂಗಡಿಗೆ ಬಂದರು. ಅಂಗಡಿಯಾಕೆ ಲೋಟ ತೊಳೆಯುತ್ತಲೇ ಕಿವಿಗೊಟ್ಟಳು.

“ಗೆದ್ದಿದ್ದೀವಿ ಕಣೇ, ಯಾಕೆ ಮುಖ ಸಪ್ಪಗಿದೆ?” ಅಂದಳು ಕನ್ನಡಕದವಳು.

“ಹೋಟೆಲ್ ಮುಂದೆ ಏಡಿ ವೇಷ ಹಾಕ್ಕೊಂಡು ನಿಂತಿದ್ರಲ್ಲ...” ಅಂದಳು ಜಡೆಯವಳು.

“ಹೂಂ, ನೀನೇ ಫೋಟೊ ಹೊಡೆದೆಯಲ್ಲ!”

“ಅವರು ನಮ್ಮಪ್ಪ ಕಣೇ.”

“ನಿಮ್ಮಪ್ಪ ಹೋಟೆಲ್ ಮ್ಯಾನೇಜರ್ ಅಂದಿದ್ದೆಯಲ್ಲೇ?”

“ಅಂದಿದ್ದೆ. ಇವತ್ತು ‘ಸ್ವಲ್ಪ ನಗಿ ಯಜಮಾನ್ರೇ’ ಅಂತ ಬೇರೆ ಅಂದೆ.”

“ಅಯ್ಯೋ! ಅವರೇನಂದ್ರು?”

“‘ಚೆನ್ನಾಗಿ ಬಂತಾ ಮೇಡಂ?’ ಅಂದ್ರು.”

ಅಷ್ಟರಲ್ಲಿ ಬಹುಮಾನ ಕೊಡುತ್ತಾರೆಂದು ಯಾರೋ ಕೂಗಿದರು.

“ಹೋಟೆಲ್ ದಾರಿ ಬೇಡ. ಹಿಂದಿನ ಗಲ್ಲಿಯಿಂದ ಹೋಗೋಣ,” ಎಂದಳು ಜಡೆಯವಳು.

ದಿನಾ ಮಗಳ ಗುಣಗಾನ ಮಾಡುತ್ತ ಜ್ಯೂಸ್ ಕುಡಿಯುವ ಏಡಿಯಣ್ಣ ಇವತ್ತೇಕೆ ಇತ್ತ ಸುಳಿಯಲಿಲ್ಲ ಎಂಬುದು ಅಂಗಡಿಯಾಕೆಗೆ ಆಗ ತಿಳಿಯಿತು.