ರಿಲೇಗೆ ಸಿಕ್ಕಿಸಿದ ಊದಿನಕಡ್ಡಿ

ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಶಿಷ್ಯ ತನ್ನ ಗುರುವಿನ ಅಂಗೈ ಮೇಲೆ ಅಂಗೈ ಇಟ್ಟು ಒಂದು ಮಾತು ಕೊಟ್ಟ. ಗುರು ಅಂದ ಕೂಡಲೇ ಕಾವಿ ಬಟ್ಟೆ ನೆನೆಸಿಕೊಳ್ಳಬೇಡಿ. ಅವರು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ದಸ್ತಗೀರಸಾಬರು. ಶಿಷ್ಯನ ಹೆಸರು ಚನಮಲ್ಲಪ್ಪ. ಎಂಟು ವರ್ಷ ಅವರ ಅಂಗಡಿಯಲ್ಲಿ ಕೆಲಸ ಕಲಿತು, ಊರಾಚೆಯ ಎರಕದ ಕಾರ್ಖಾನೆಗೆ ವೈರ್‌ಮನ್ ಆಗಿ ಹೊರಟಿದ್ದ.

"ಒಂದು ಮಾತು ಕೊಡು," ಅಂದರು ಉಸ್ತಾದರು. "ಸ್ಟಾರ್ಟರ್ ಬಿದ್ದರ ಯಾಕ ಬಿತ್ತು ಅಂತ ಮೊದಲ ಕೇಳು. ಕೇಳದ ಎಬ್ಬಿಸಬ್ಯಾಡ. ಅದರ ಬಾಯಾಗ ಏನೂ ತುರುಕಬ್ಯಾಡ."

"ತುರುಕೂದಿಲ್ರಿ ಉಸ್ತಾದ್. ಮಾತು ಕೊಟ್ಟೆ."

ನಿಮ್ಮ ಬೋರ್‌ವೆಲ್ ಪಂಪಿಗೂ ಸ್ಟಾರ್ಟರ್ ಇರುತ್ತದಲ್ಲ, ಹಸಿರು ಗುಂಡಿ, ಕೆಂಪು ಗುಂಡಿಯ ಡಬ್ಬಿ? ಅದೇ. ಅದರೊಳಗೆ ರಿಲೇ ಅಂತ ಒಂದು ಪುಟ್ಟ ಭಾಗ ಕೂತಿರುತ್ತದೆ. ಮೋಟಾರು ಶಕ್ತಿ ಮೀರಿ ಕರೆಂಟು ಎಳೆಯತೊಡಗಿದರೆ ಅದು ಬಿಸಿಯಾಗಿ ಲೈನು ಕಡಿದುಬಿಡುತ್ತದೆ; ಸ್ಟಾರ್ಟರ್ ಬೀಳುವುದು ಅಂದರೆ ಇದೇ. ಅದಕ್ಕೆ ಬರುವುದು ಒಂದೇ ಮಾತು ನೋಡಿ. ಸಾಕು.

ಆ ಒಂದು ಮಾತನ್ನು ಕೇಳಿಸಿಕೊಂಡೇ ಚನಮಲ್ಲಪ್ಪ ಹೆಸರು ಮಾಡಿದ. ಎಲ್ಲೇ ಹೋದರೂ "ದಸ್ತಗೀರಸಾಬರ ಕೈಯಾಗ ಪಳಗಿದಾಂವ" ಅನ್ನುತ್ತಿದ್ದರು. ಅವನಿಗೆ ಅದಕ್ಕಿಂತ ದೊಡ್ಡ ಆಸ್ತಿ ಇರಲಿಲ್ಲ.

ಕಾರ್ಖಾನೆಯಲ್ಲಿ ಒಂದು ಹಳೆಯ ಕಂಪ್ರೆಸರ್ ಇತ್ತು. ಗಾಳಿಯನ್ನು ಒತ್ತಿ ಒತ್ತಿ ದೊಡ್ಡ ಟ್ಯಾಂಕಿಗೆ ತುಂಬುವ ಯಂತ್ರ. ಎರಕ ಉಜ್ಜುವ ಮಿಷನ್ನುಗಳೆಲ್ಲ ಆ ಗಾಳಿಯಿಂದಲೇ ತಿರುಗಬೇಕು. ಗಾಳಿ ಹಿಂದಕ್ಕೆ ಬರದಂತೆ ತಡೆಯುವ ವಾಲ್ವು ಸವೆದಿತ್ತು. ಹಾಗಾಗಿ ಬೆಳಿಗ್ಗೆ ಮೊದಲು ಟ್ಯಾಂಕಿನ ಗಾಳಿ ಬಿಟ್ಟು ಖಾಲಿ ಮಾಡಬೇಕು. ಆಮೇಲೆ ಹಸಿರು ಗುಂಡಿ. ಮೋಟಾರು ಮೊದಲು ಮೆಲ್ಲಗೆ ಎದ್ದು, ವೇಗ ಹಿಡಿದ ಮೇಲೆ ಪೂರ್ತಿ ಭಾರ ಹೊರುತ್ತದೆ. ತುಂಬಿದ ಟ್ಯಾಂಕಿನ ಮೇಲೆ ಶುರು ಮಾಡಿದರೆ? ಮಲಗಿದ ಎತ್ತಿನ ಬೆನ್ನಿಗೆ ಮೂಟೆ ಹೇರಿ "ಏಳು" ಅಂದ ಹಾಗೆ.

ಇಪ್ಪತ್ತೆರಡು ವರ್ಷ ಕಳೆದ ಮೇಲೆ, ಈ ಸಲದ ಆಯುಧಪೂಜೆಗೆ ಕಾರ್ಖಾನೆಯ ಸಾಹುಕಾರನಿಗೆ ಒಂದು ಮನಸ್ಸು ಬಂತು. ಊರಿನ ಹಿರಿಯ ಮೋಟಾರು ಮೇಸ್ತ್ರಿಯ ಕೈಯಿಂದಲೇ ಕಂಪ್ರೆಸರ್ ಚಾಲೂ ಮಾಡಿಸಬೇಕು. ಅಷ್ಟೊತ್ತಿಗೆ ದಸ್ತಗೀರಸಾಬರ ಕಣ್ಣು ಮಂಜಾಗಿದ್ದವು. ಮೊಮ್ಮಗಳ ಭುಜ ಹಿಡಿದು ಬಂದರು.

ಬೆಳಿಗ್ಗೆ ಪೂಜೆಯ ಗದ್ದಲ ಇರುತ್ತದೆ ಅಂತ ಹಿಂದಿನ ಸಂಜೆಯೇ ಚನಮಲ್ಲಪ್ಪ ಗಾಳಿ ಬಿಡಲು ಹೋದಾಗ ಸಾಹುಕಾರ ತಡೆದಿದ್ದ. "ಹಬ್ಬದ ದಿನ ಖಾಲಿ ಟ್ಯಾಂಕೇನೋ? ಖಾಲಿ ಕೊಡ ಇಟ್ಟು ಯಾರರ ಪೂಜಿ ಮಾಡ್ತಾರೇನು?"

"ತುಂಬಿದ್ರ ಮೋಟಾರ ಏಳೂದಿಲ್ರಿ ಸಾಹುಕಾರ್ರ."

"ಅದಕ್ಕೂ ಹಬ್ಬದ ಹೋಳಿಗಿ ಹೆಚ್ಚಾಗೇತಿ ಬಿಡು," ಅಂದ ಲೇತ್ ಮಿಷನ್ನಿನ ಕೆಲಸದವನೊಬ್ಬ. ಎಲ್ಲರೂ ನಕ್ಕರು. ಚನಮಲ್ಲಪ್ಪನೂ ನಕ್ಕ.

ಮರುದಿನ ಕುಂಬಳಕಾಯಿ ಒಡೆದರು. ಜಾಗಟೆ ಬಡಿಯಿತು. ಸ್ಟಾರ್ಟರ್ ಡಬ್ಬಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಉಸ್ತಾದರ ಬೆರಳನ್ನು ಹಸಿರು ಗುಂಡಿಯ ಮೇಲೆ ಇಡಿಸಿದರು. ಒತ್ತಿದರು. ಮೋಟಾರು ಗುಂಯ್ ಅಂದು ನರಳಿತು. ಟಕ್. ರಿಲೇ ಬಿತ್ತು.

"ಗಾಳಿ ಬಿಡ್ತೀನ್ರಿ, ಐದ ಮಿನಿಟು," ಅಂದ ಚನಮಲ್ಲಪ್ಪ ಮೆಲ್ಲಗೆ.

"ಪೂಜಿ ಆದ ತುಂಬಿದ ಕೊಡ ಚೆಲ್ತಾರೇನೋ? ಮುಹೂರ್ತ ಮೀರಾಕ ಹತ್ತೇತಿ. ಏನರ ಮಾಡು," ಅಂದ ಸಾಹುಕಾರ, ಇನ್ನೂ ಮೆಲ್ಲಗೆ.

ಮೂವತ್ತು ಜನ ನೋಡುತ್ತಿದ್ದರು. ಚನಮಲ್ಲಪ್ಪನ ಕೈಗೆ ಸಿಕ್ಕಿದ್ದು ಆರಿಹೋದ ಒಂದು ಊದಿನಕಡ್ಡಿ. ಅದರ ಬಿದಿರಿನ ತುದಿ ಮುರಿದು, ಡಬ್ಬಿ ತೆಗೆದು, ರಿಲೇ ಬೀಳದ ಹಾಗೆ ಸಿಕ್ಕಿಸಿದ. ಇವತ್ತೊಂದು ದಿನ, ಹಬ್ಬ ಮುಗಿದ ಕೂಡಲೇ ತೆಗೆದರಾಯಿತು ಅಂದುಕೊಂಡ.

"ಮುಂಜಾನೆ ಗಾಳಿ ಬಿಟ್ಟೇನೋ?" ಉಸ್ತಾದರು ಕೇಳಿದರು.

"ಬಿಟ್ಟೀನ್ರಿ ಉಸ್ತಾದ್."

ಅವರು ಮತ್ತೆ ಒತ್ತಿದರು. ಮೋಟಾರು ನರಳಿತು, ನರಳಿತು, ಎದ್ದಿತು. ಜನ ಚಪ್ಪಾಳೆ ತಟ್ಟಿದರು. ಉಸ್ತಾದರು ಮಾತ್ರ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿಸಿಕೊಂಡು ನಿಂತರು. ಆಮೇಲೆ ಪೇಡೆ ತಗೊಂಡು ಮನೆಗೆ ಹೋದರು.

ಆ ದಿನ ಏನೂ ಆಗಲಿಲ್ಲ. ಏನೂ ಆಗಲಿಲ್ಲ ನೋಡಿ, ಅದೇ ಕೆಟ್ಟದ್ದು. ಏನಾದರೂ ಆಗಿದ್ದರೆ ಅವನು ಕಡ್ಡಿ ತೆಗೆಯುತ್ತಿದ್ದ. ತುಂಬಿದ ಟ್ಯಾಂಕಿನ ಮೇಲೂ ಏಳುತ್ತದಲ್ಲ ಅಂತ ಸಾಹುಕಾರನಿಗೆ ಧೈರ್ಯ ಬಂತು. "ದಿನಾ ಗಾಳಿ ಬಿಟ್ಟು ಯಾಕ ಹಾಳು ಮಾಡ್ತಿ?" ಅಂದ. ಚನಮಲ್ಲಪ್ಪ ನಾಳೆ ತೆಗೆದರಾಯಿತು ಅಂದುಕೊಂಡ. ದಿನಾ ಅಂದುಕೊಂಡ. ಹನ್ನೊಂದು ಬೆಳಗು ಮೋಟಾರು ನರಳಿಕೊಂಡೇ ಎದ್ದಿತು. ಹನ್ನೆರಡನೆಯ ಬೆಳಗು ಶೆಡ್ಡಿನ ತುಂಬ ಮೋಟಾರಿನ ತಂತಿಗೆ ಬಳಿದ ವಾರ್ನಿಷು ಸುಟ್ಟ ವಾಸನೆ.

ಸುಟ್ಟ ಮೋಟಾರು ಎಲ್ಲಿಗೆ ಹೋಗಬೇಕು ಹೇಳಿ? ಆ ಊರಲ್ಲಿ ತಂತಿ ಸುತ್ತುವ ಅಂಗಡಿ ಒಂದೇ.

ಈಗ ಮಗ ನಡೆಸುವ ಅಂಗಡಿಯಲ್ಲಿ ದಸ್ತಗೀರಸಾಬರು ಮೋಟಾರಿನ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಕಣ್ಣು ಬೇಕಿರಲಿಲ್ಲ. ಬೆರಳು ಒಳಗೆ ಇಳಿಸಿ ಒಂದೊಂದೇ ಸುತ್ತು ಮುಟ್ಟಿ ನೋಡಿದರು.

"ಕರೆಂಟಿನ ಮೂರು ಫೇಸಿನಾಗ ಒಂದು ಹೋಗಿದ್ರ ಎಲ್ಲಾ ಹಿಂಗ ಸುಡತಿದ್ದಿಲ್ಲ. ಮೂರೂ ಒಂದೇ ಸಮ ಸುಟ್ಟಾವ. ಭಾರಕ್ಕ ಸುಟ್ಟೈತಿ." ಬೆರಳಿನ ಮಸಿ ಒರೆಸಿಕೊಂಡರು. "ರಿಲೇ ಸಾಕು ಅಂದಿರಬೇಕಲ್ಲೋ?"

ಚನಮಲ್ಲಪ್ಪ ಅಂಗಿಯ ಕಿಸೆಯಿಂದ ಕಡ್ಡಿಯ ತುಂಡು ತೆಗೆದು ಅವರ ಅಂಗೈ ಮೇಲೆ ಇಟ್ಟ. ಇಪ್ಪತ್ತೆರಡು ವರ್ಷದ ಹಿಂದೆ ಕೈ ಇಟ್ಟಿದ್ದ ಅದೇ ಅಂಗೈ. ಉಸ್ತಾದರು ಅದನ್ನು ಮೂಗಿನ ಹತ್ತಿರ ಹಿಡಿದರು. ಇನ್ನೂ ಗಂಧದ ವಾಸನೆ ಇತ್ತು.

"ಅವತ್ತ ಮೋಟಾರಿನ ದನಿ ಬ್ಯಾರೆ ಕೇಳಿತ್ತು," ಅಂದರು. "ತುಂಬಿದ ಟ್ಯಾಂಕಿನ ದನಿ. ಆದ್ರ ನೀ ಬಿಟ್ಟೀನಿ ಅಂದಿ. ಕಣ್ಣು ಹ್ವಾದಂಗ ಕಿವೀನೂ ಹ್ವಾದ್ವು ಅನಕೊಂಡೆ. ಇಷ್ಟ ದಿವಸ ಹಂಗ ಅನಕೊಂಡ ಕುಂತಿದ್ನಿ."

ಚನಮಲ್ಲಪ್ಪನಿಗೆ ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಈಗ ನಮ್ಮ ಮನೆಗೆ ಬರೋಣ. ಚನಮಲ್ಲಪ್ಪ ಕೆಟ್ಟವನೇ? ಅಲ್ಲ. ಸ್ಟಾರ್ಟರ್‌ಗೆ ಕುಂಕುಮ ಹಚ್ಚಿದ ಕೈ, ಅದು ಹೇಳಿದ್ದನ್ನು ಕೇಳದ ಕೈ ಎರಡೂ ಅವನದೇ. ನಮ್ಮ ಕೈ ಬೇರೆಯೇ? ತಾಯಿಯ ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇವೆ, ತಾಯಿ "ಸಾಕು ಮಗಾ" ಅಂದದ್ದು ಕಿವಿಗೆ ಬೀಳುವುದಿಲ್ಲ. ಮೈ ಸಾಕು ಅಂದರೆ ಒಂದು ಮಾತ್ರೆ ಸಿಕ್ಕಿಸುತ್ತೇವೆ. ಮಗಳು "ಅಪ್ಪಾ, ಒಂದು ಮಾತು" ಅಂತ ಬಂದರೆ "ಈಗಲ್ಲ, ಇವತ್ತೊಂದು ದಿನ ಬಿಡು" ಅನ್ನುತ್ತೇವೆ. ಅದೂ ಕಡ್ಡಿಯೇ. ಎಷ್ಟು ದಿನದಿಂದ ಅಲ್ಲಿದೆ ಆ ಕಡ್ಡಿ, ಲೆಕ್ಕ ಹಾಕಿದ್ದೀರಾ?

ಇವತ್ತು ಮನೆಗೆ ಹೋದಾಗ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಐದು ನಿಮಿಷ ಕೂತುಕೊಳ್ಳಿ. ಹಗಲೆಲ್ಲ ತುಂಬಿಕೊಂಡ ಗಾಳಿ ಅಲ್ಲೇ ಹೋಗಲಿ. ಮೂರನೆಯವರ ಮೇಲಿನ ಸಿಟ್ಟು ತುಂಬಿಕೊಂಡು ಒಳಗೆ ಕಾಲಿಡಬೇಡಿ. ಒಳಗೆ ಯಾರಾದರೂ ಮುಖ ತಿರುಗಿಸಿ ಕೂತಿದ್ದರೆ "ಏಳು, ಊಟಕ್ಕೆ ಬಾ" ಅಂತ ಗದರಬೇಡಿ. ಯಾಕೆ ಅಂತ ಕೇಳಿ. ಕೇಳಿ, ಆಮೇಲೆ ಎಬ್ಬಿಸಿ. ಮತ್ತೆ ಯಾರಾದರೂ ನಿಮ್ಮನ್ನು ನಂಬಿ "ಬಿಟ್ಟೇನೋ?" ಅಂತ ಕೇಳಿದರೆ, ಬಿಟ್ಟಿಲ್ಲ ಅಂದರೆ ಬಿಟ್ಟಿಲ್ಲ ಅನ್ನಿ. ಮುಹೂರ್ತ ಮೀರಿದರೆ ಮೀರಲಿ.

ಆ ಮೋಟಾರಿಗೆ ದಸ್ತಗೀರಸಾಬರ ಮಗ ಹೊಸ ತಂತಿ ಸುತ್ತಿದ. ಈಗ ಅದು ದಿನಾ ಖಾಲಿ ಟ್ಯಾಂಕಿನ ಮೇಲೆಯೇ ಏಳುತ್ತದೆ. ಚನಮಲ್ಲಪ್ಪ ಇವತ್ತಿಗೂ ಆ ಕಾರ್ಖಾನೆಯಲ್ಲೇ ಇದ್ದಾನೆ, ಒಳ್ಳೆಯ ಕೆಲಸಗಾರ. ಗುರುವಿಗೆ ಕೊಟ್ಟ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ.